ಗಿಳಿಹಸಿರು ಹನಿ

ನಮ್ಮ ಮನೆ ಮಾತು ಉರ್ದು. ಆದರೆ ಜಗಳ ಮಾತ್ರ ಕನ್ನಡದಲ್ಲಿ. ರಾಮನಗರದಲ್ಲಿ ಹುಟ್ಟಿ ಬೆಳೆದವಳಿಗೆ ಬಾಯಿತುಂಬ ಬೈಯಲು ಬೇರೆ ಭಾಷೆ ಸಾಲುವುದಿಲ್ಲ. ಹೋದ ಮಳೆಗಾಲದಲ್ಲಂತೂ ನಾನೂ ನನ್ನ ಗಂಡ ಹಬೀಬೂ ಉರ್ದುವನ್ನು ಮರೆತೇಬಿಟ್ಟಿದ್ದೆವು. ಅದಕ್ಕೆಲ್ಲ ಕಾರಣ ನಮ್ಮ ಚಿಮಣಿ.

ಮನೆಯ ಪಕ್ಕದ ಹೆಂಚಿನ ಕೋಣೆಯಲ್ಲಿ ನನ್ನ ಒಲೆ ಇದೆ. ಒಲೆಯ ಮೇಲೆ ಬಾಣಲೆ, ಬಾಣಲೆಯ ಬಿಸಿನೀರಿನಲ್ಲಿ ರೇಷ್ಮೆಗೂಡು, ಎದುರಿಗೆ ನೂಲು ಸುತ್ತುವ ಚರಕ. ಹೊಗೆ ಹೋಗುವುದಕ್ಕೆ ಒಲೆಗೆ ಅಂಟಿದಂತೆ ಕಲ್ಲಿನ ಚಿಮಣಿ ಕಟ್ಟಿದ್ದಾರೆ. ಅದು ಹೆಂಚು ದಾಟಿ ಮೇಲಕ್ಕೆ ಹೋಗಿದೆ. ಮಳೆ ಬಂದರೆ ಆ ಕಲ್ಲಿನ ಮೈಮೇಲೆ ನೀರಿಳಿದು, ಮಸಿ ಬೆರೆಸಿಕೊಂಡು, ಸರಿಯಾಗಿ ನನ್ನ ಬಾಣಲೆಗೇ ತೊಟ್ಟಿಕ್ಕುತ್ತಿತ್ತು. ಅಷ್ಟು ದೊಡ್ಡ ಕೋಣೆಯಲ್ಲಿ ಆ ದರಿದ್ರ ಹನಿಗೆ ಬೇರೆ ಜಾಗವೇ ಇರಲಿಲ್ಲವೇ? ಬಂಗಾರದ ಬಣ್ಣದ ನೂಲಿಗೆ ಮಸಿ ತಗುಲಿದರೆ ಬೆಳಗಿನಿಂದ ದುಡಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮೇಸ್ತ್ರಿ ಬೋರಲಿಂಗಯ್ಯನನ್ನು ಕರೆಸಿದೆವು. ಅವನದು ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ರಸ್ತೆ ಕಡೆಯಿಂದ ಏಣಿ ಹಾಕಿ ಹತ್ತಿ, ಚಿಮಣಿಯ ಮುಂಭಾಗಕ್ಕೆ ಸಿಮೆಂಟ್ ಮೆತ್ತಿ ಇಳಿದ. ಮುಂದಿನ ಮಳೆಗೆ ಮತ್ತೆ ಸೋರಿತು. ಮತ್ತೆ ಬಂದ, ಅದರ ಮೇಲೇ ಮತ್ತೊಂದು ಕೋಟ್ ಮೆತ್ತಿದ. ಆಮೇಲೂ ಸೋರಿತು.

"ಕರೀಮಕ್ಕ, ನನ್ ಕೆಲ್ಸದಾಗೆ ಒಂದ್ ಚೂರೂ ತಪ್ಪಿಲ್ಲ. ಆ ಕಲ್ಲೇ ಸರಿಗಿಲ್ಲ ಕಣವ್ವ," ಅಂದ.

"ಹೌದಪ್ಪ, ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ!" ಅಂದೆ. ಅವನು ನಗುತ್ತಲೇ ಹೋದ. ಹಬೀಬ್ ಮಾತ್ರ ನಗಲಿಲ್ಲ.

"ಇನ್ನೊಂದು ಮಳೆ ನೋಡ್ತೀನಿ. ಆಗ್ಲೂ ಸೋರಿದ್ರೆ ಈ ಒಲೆ ಒಡ್ದಾಕಿ, ರೂಮ್‌ಗೆ ಶಟರ್ ಹಾಕ್ಸಿ, ಮೊಬೈಲ್ ಅಂಗ್ಡಿಗೆ ಬಾಡ್ಗೆ ಕೊಟ್ಬುಡ್ತೀನಿ. ಶಟರ್ ಮಾಡೋ ಲೋಕೇಶಂಗೂ ಹೇಳಿವ್ನಿ, ಬಂದು ಅಳ್ತೆ ತಗೋತಾನೆ. ನೀನೂ ಒಸಿ ಆರಾಮಾಗಿರು," ಅಂದರು.

ಆರಾಮ! ಮೈಯೆಲ್ಲ ಉರಿದುಹೋಯಿತು. ಕುದಿಯುವ ನೀರಿಗೆ ಬೆರಳಿಟ್ಟು ಗೂಡಿನ ಎಳೆ ಹುಡುಕುವುದನ್ನು ನನಗೆ ಅಮ್ಮ ಕಲಿಸಿದ್ದು. ಈ ಊರಿನಲ್ಲಿ ಕರೀಮುನ್ನೀಸಾ ತೆಗೆದ ನೂಲು ಅಂದರೆ ಮುಟ್ಟಿ ನೋಡದೆ ತೆಗೆದುಕೊಳ್ಳುವವರಿದ್ದಾರೆ. ಆ ಒಲೆಯ ಮುಂದಿನ ಮಣೆ ಹೋದರೆ ನಾನು ಯಾರು? ಬಾಯಲ್ಲಿ ಅವರಿಗೆ ಚೆನ್ನಾಗಿಯೇ ಬೈದೆ. ಒಳಗೊಳಗೆ ಮಾತ್ರ ಬಹಳ ಹೆದರಿದ್ದೆ.

ಹೆದರಿಕೆಯಲ್ಲೇ ಚನ್ನಪಟ್ಟಣದ ನನ್ನ ತಮ್ಮ ಆಫ್ತಾಬನಿಗೆ ಫೋನ್ ಮಾಡಿದೆ. ಅವನು ಬೊಂಬೆ ಮಾಡುವವನು. ಮರವನ್ನು ಕಡೆದು, ಅದಕ್ಕೆ ಬಣ್ಣದ ಅರಗು ಹಚ್ಚಿ ಮಿರಮಿರ ಮಿಂಚಿಸುತ್ತಾನೆ. ಪ್ರಪಂಚದ ಎಲ್ಲ ರೋಗಕ್ಕೂ ಅರಗೇ ಮದ್ದು ಅಂತ ಅವನ ನಂಬಿಕೆ.

"ಆಪಾ, ಇಷ್ಟೇ ತಾನೆ? ಅರಗು ಹಾಕಿದ್ಮೇಲೆ ನೀರು ಒಳೀಕೆ ಬರೋ ಮಾತೇ ಇಲ್ಲ. ನಾಳೇನೇ ಬತ್ತೀನಿ," ಅಂದ.

ಬಂದೇಬಿಟ್ಟ, ಒಂದು ಚೀಲ ಅರಗು ಹೊತ್ತುಕೊಂಡು. ನನ್ನ ಹಳೇ ತವದಲ್ಲಿ ಕರಗಿಸಿ, ಕಲ್ಲುಕಲ್ಲಿನ ಸಂದಿಗೂ ಬಳಿದ. ರಸ್ತೆಗೆ ಕಾಣುವ ಕಡೆ ಚೆಂದ ಇರಲಿ ಅಂತ ಕೆಂಪು, ಎರಡು ಪಕ್ಕಕ್ಕೂ ನೀಲಿ. ಚಿಮಣಿಯ ಹಿಂದೆ ನೆರೆಮನೆಯ ಎತ್ತರದ ಗೋಡೆ ಇದೆ, ನಡುವೆ ಒಂದು ಮೊಳವೂ ಜಾಗವಿಲ್ಲ. ನನ್ನ ತಮ್ಮ ಕಡ್ಡಿಪೈಲ್ವಾನ್ ಆದ್ದರಿಂದ ಅಲ್ಲಿಗೂ ಕೈ ತೂರಿಸಿ, ಕಣ್ಣಿಗೆ ಕಾಣದಿದ್ದರೂ ಉಳಿದಿದ್ದ ಗಿಳಿಹಸಿರನ್ನು ತಡಕಾಡಿಕೊಂಡು ಬಳಿದ. ಕೊನೆಗೆ ನಮ್ಮ ಚಿಮಣಿ ದೊಡ್ಡದೊಂದು ಗಿಲಕಿಯ ಹಾಗೆ ಕಾಣುತ್ತಿತ್ತು. ಬೀದಿಯ ಮಕ್ಕಳೆಲ್ಲ ನಿಂತು ನೋಡಿದರು.

ಸಂಜೆಯೇ ಜೋರು ಮಳೆ. ಒಂದು ಹನಿಯೂ ಇಲ್ಲ! ಆಫ್ತಾಬ್ ಎದೆಯುಬ್ಬಿಸಿ, "ಏನ್ ದುಲ್ಹಾಭಾಯ್, ನೋಡಿದ್ರಾ ಚನ್ನಪಟ್ಟಣದ ಕೆಲ್ಸ?" ಅಂತ ಭಾವನನ್ನು ಕೆಣಕಿದ. ಬಿರಿಯಾನಿ ಮಾಡಿಸಿಕೊಂಡು ಹೊಟ್ಟೆ ಬಿರಿಯ ತಿಂದು ಮಲಗಿದ. ನನಗೂ ಸಂತೋಷವೋ ಸಂತೋಷ.

ಬೆಳಿಗ್ಗೆ ಬಿಸ್ಮಿಲ್ಲಾ ಹೇಳಿ ಒಲೆ ಹಚ್ಚಿದೆ. ಸೋರುವ ಗಲಾಟೆಯಲ್ಲಿ ಒಂದು ವಾರದಿಂದ ಹಚ್ಚಿರಲಿಲ್ಲ. ಕಲ್ಲು ಬಿಸಿಯಾಯಿತು. ನೀರು ಕುದಿಯಿತು. ಎಳೆ ಸಿಕ್ಕಿತು. ಚರಕ ತಿರುಗಿ ನೂಲು ಬಂಗಾರದ ಹಾಗೆ ಏಳುತ್ತಿತ್ತು. ಅಷ್ಟರಲ್ಲಿ ಟಪ್ ಅಂತ ಏನೋ ಬಿತ್ತು. ನೋಡಿದರೆ ಬಾಣಲೆಯ ನಡುವೆ ಗಿಳಿಹಸಿರು ಬಣ್ಣದ ಒಂದು ಹನಿ. ಅದರ ಹಿಂದೆ ಇನ್ನೊಂದು.

ಯಾ ಅಲ್ಲಾ! ಬೆಂಕಿಯಲ್ಲಿ ಕರಗಿಸಿ ಬಳಿದದ್ದು ಬೆಂಕಿಗೆ ಕರಗುತ್ತದೆ ಅನ್ನುವುದು ಮನೆಯಲ್ಲಿದ್ದ ಮೂವರಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ.

"ಏನ್ಲಾ ಮಾಡ್ಬುಟ್ಟೆ, ಮುಠ್ಠಾಳ!" ಅಂತ ಚೀರಿದೆ. ಆಫ್ತಾಬ್ ಕಣ್ಣುಜ್ಜಿಕೊಂಡು ಬಂದು ಬಾಣಲೆ ನೋಡಿ ಕಲ್ಲಾದ. ಹಬೀಬ್ ಬಂದರು, ಹನಿ ನೋಡಿದರು, ಜೇಬಿನಿಂದ ಫೋನ್ ತೆಗೆದರು. ಶಟರ್ ಮಾಡುವ ಲೋಕೇಶನಿಗೆ, "ಸಾಯಂಕಾಲ ಬಂದು ಅಳ್ತೆ ತಗೊಂಡೋಗಪ್ಪ," ಅಂದರು.

ಮಣೆಯ ಮೇಲೆ ಕೂತವಳು ಏಳಲಿಲ್ಲ. ಆ ಹಾಳು ಹಸಿರನ್ನೇ ನೋಡುತ್ತಾ ಕೂತೆ. ಹಸಿರು, ಬರೀ ಹಸಿರು.

"ಲೇ ಆಫ್ತಾಬ್," ಅಂದೆ, "ಕೆಂಪೆಲ್ಲೋಯ್ತು? ನೀಲಿ ಎಲ್ಲೋಯ್ತು?"

ಅವನು ಹೊರಗೋಡಿ ಏಣಿ ಹತ್ತಿದ. "ಆಪಾ! ಎಲ್ಡೂ ಕರಗಿ ಹೆಂಚಿನ್ ಮ್ಯಾಲೆ ಹರ್ದೈತೆ!"

"ಹಂಗಾರೆ ಒಳೀಕೆ ದಾರಿ ಇರೋದು ಹಸಿರು ಬಳ್ದ ಕಡೆಗೆ ಮಾತ್ರ! ಹಿಂದ್ಗಡೆ ತೂತು ಇಟ್ಕೊಂಡು ಇಷ್ಟ್ ದಿನ ಮುಂದ್ಗಡೆ ಮೆತ್ತಿದ್ದೀವಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಕರೀರಿ ಆ ಮೇಸ್ತ್ರೀನ!"

ಬೋರಲಿಂಗಯ್ಯ ಬಂದು, ಹಿಂದಿನ ಸಂದಿಯನ್ನೂ ತನ್ನ ಹೊಟ್ಟೆಯನ್ನೂ ಒಮ್ಮೆ ನೋಡಿಕೊಂಡ. "ಅಕ್ಕ, ಆ ಜಾಗ್ದಾಗೆ ನನ್ ಕೈಯೂ ಹೋಗಕಿಲ್ಲ," ಅಂದ. ತಪ್ಪು ಮಾಡಿದ ನನ್ನ ತಮ್ಮನನ್ನೇ ಇಳಿಸಿದೆವು. ಅಲ್ಲಿ ನೆರೆಮನೆಯ ಹೊಂಗೆಮರದ ಎಲೆ ಕೊಳೆತು ಗೊಬ್ಬರವಾಗಿತ್ತು. ಅದನ್ನು ಬಾಚಿ ತೆಗೆದರೆ, ಎರಡು ಕಲ್ಲಿನ ನಡುವೆ ಮುಷ್ಟಿ ಹಿಡಿಸುವಷ್ಟು ಸಂದು. ಮಳೆನೀರು ಅಲ್ಲೇ ನಿಂತು, ಅಲ್ಲಿಂದಲೇ ಇಳಿಯುತ್ತಿತ್ತು. ಅರಗನ್ನೆಲ್ಲ ಕೆರೆಸಿದೆವು. ಮೇಸ್ತ್ರಿ ಗಾರೆ ಕಲಸಿ ಕೊಟ್ಟ, ಆಫ್ತಾಬ್ ತುಂಬಿದ. ನೀರು ಎರಡೂ ಕಡೆಗೆ ಹರಿದುಹೋಗಲೆಂದು ತಗಡು ಬಗ್ಗಿಸಿ ಹೆಂಚಿನ ಕೆಳಗೆ ಸಿಕ್ಕಿಸಿದರು.

"ಒಸಿ ಗಟ್ಟಿಯಾಗಿ ಅಮುಕ್ಲಾ, ಬಿರಿಯಾನಿ ತಿಂದಿಲ್ವಾ?" ಅಂತ ಬೋರಲಿಂಗಯ್ಯ ಮೇಲಿನಿಂದ ಕೂಗುತ್ತಿದ್ದ.

ಲೋಕೇಶ ಸಾಯಂಕಾಲ ಬಂದು ಬಾಗಿಲಿನ ಅಳತೆ ತೆಗೆದುಕೊಂಡೇ ಹೋದ. ನಾನು ಅವನಿಗೆ ಟೀ ಕೊಡಲಿಲ್ಲ.

ಗಾರೆ ಒಣಗಿದ ಮೇಲೆ ಒಂದು ಮಧ್ಯಾಹ್ನ ಮಳೆ ಬಂತು. ಎಂಥ ಮಳೆ! ರಸ್ತೆ ಕಾಣದಂಥ ಮಳೆ. ಬೇಕೆಂದೇ ಒಲೆ ಹಚ್ಚಿ, ಗೂಡು ಹಾಕಿ, ಚರಕದ ಮುಂದೆ ಕೂತೆ. ಹಬೀಬ್ ಬಂದು ಪಕ್ಕದಲ್ಲಿ ನಿಂತರು. ಬಾಣಲೆಯ ಮೇಲೆ ಅಂಗೈ ಚಾಚಿ ಹನಿಗಾಗಿ ಕಾದರು. ಕೈ ನೋಯುವವರೆಗೂ ಕಾದರು. ಅಂಗೈ ಒಣಗಿಯೇ ಇತ್ತು. ನನ್ನ ನೂಲು ಒಂದು ಕಪ್ಪು ಚುಕ್ಕೆಯೂ ಇಲ್ಲದೆ ಏಳುತ್ತಲೇ ಇತ್ತು.

ಆಗಲೇ ಅವರ ಫೋನ್ ಬಡಿದುಕೊಂಡಿತು. ಲೋಕೇಶನದು, ಶಟರ್ ತಯಾರಾಗಿದೆಯಂತೆ.

ಹಬೀಬ್ ನನ್ನ ಕಡೆ ಒಮ್ಮೆ ನೋಡಿದರು. "ಅದನ್ನ ಬೇರೆ ಯಾರ್ಗಾದ್ರೂ ಕೊಡಪ್ಪ, ಇಲ್ಲಿ ಜಾಗ ಖಾಲಿ ಇಲ್ಲ," ಅಂದರು. "ಕರೀಮಾ ಕೂತವ್ಳೆ."

ಅವತ್ತು ಟೀ ಕುಡಿಯುತ್ತಾ, ಬಹಳ ದಿನಗಳ ಮೇಲೆ, ನಾವಿಬ್ಬರೂ ಉರ್ದುವಿನಲ್ಲಿ ಮಾತಾಡಿದೆವು.