ಜಾಲರಿಯ ಹಿಂದೆ ತೂತಿರಲಿಲ್ಲ

ಆಂಟ್ವರ್ಪ್ ಊರಿನಲ್ಲಿ ಕೈಗೆಟಕುವ ಬಾಡಿಗೆಗೆ ಒಂದು ಮಲಗುವ ಕೋಣೆಯ ಮನೆ ಸಿಗುವುದು ಸುಲಭವಲ್ಲ. ಟ್ರ್ಯಾಮ್ ಓಡಿಸುವ ಯೋರಿಸ್ ಬೇಸಿಗೆಯಿಂದ ಹುಡುಕುತ್ತಿದ್ದ. ಹೆಂಡತಿಯಿಂದ ಬೇರೆಯಾದ ಮೇಲೆ ಅವನು ಮಲಗುತ್ತಿದ್ದುದು ಅಕ್ಕ ಮಾರ್ಲೇನ್‌ಳ ಮನೆಯ ಸೋಫಾದ ಮೇಲೆ. ಶನಿವಾರ ಭಾನುವಾರ ಮಗಳು ಫೀನ ಬಂದರೆ ಸೋಫಾ ಅವಳಿಗೆ, ನೆಲ ಇವನಿಗೆ.

ನವೆಂಬರಿನಲ್ಲಿ ಕೊನೆಗೂ ಒಬ್ಬ ಏಜೆಂಟ್ ಫೋನ್ ಮಾಡಿದ. ಮೂರನೇ ಮಹಡಿ, ಬಿಸಿಲು ಬೀಳುವ ಅಡುಗೆಮನೆ, ಟ್ರ್ಯಾಮ್ ಡಿಪೋಗೆ ನಡೆದೇ ಹೋಗಬಹುದು.

"ಅಕ್ಕ, ಫೋಟೋ ನೋಡು. ಇವತ್ತೇ ಹ್ಞೂಂ ಅಂದ್ಬಿಡ್ತೀನಿ."

"ಫೋಟೋದಲ್ಲಿ ನಾನೂ ಚೆನ್ನಾಗೇ ಕಾಣ್ತೀನಿ. ತಾಳು, ನಾನೂ ಬರ್ತೀನಿ."

"ನೀನು ಬಂದ್ರೆ ಮುಗೀತು. ಪೊಲೀಸರ ಥರ ಮೂಲೆಮೂಲೆ ಹುಡುಕ್ತೀಯ. ಅಷ್ಟರಲ್ಲಿ ಬೇರೆಯವರಿಗೆ ಕೊಟ್ಟಿರ್ತಾರೆ."

"ಕೊಡ್ಲಿ ಬಿಡು. ಅಲ್ಲಿ ನಿದ್ದೆ ಮಾಡೋನು ನೀನು ಕಣೋ, ಫೋಟೋ ಅಲ್ಲ."

ಮನೆಯ ಮೆಟ್ಟಿಲ ಮೇಲೆ ಆಗಲೇ ಜನ ಕಾಯುತ್ತಿದ್ದರು. ಇವರ ಹಿಂದೆಯೇ ಎದೆಗೆ ಕೂಸು ಕಟ್ಟಿಕೊಂಡ ಒಬ್ಬ ಹುಡುಗಿ, ಅವಳ ಗಂಡ.

ಒಳಗೆ ಕಾಲಿಟ್ಟೊಡನೆ ಯೋರಿಸ್‌ಗೆ ಮನೆ ಹಿಡಿಸಿಬಿಟ್ಟಿತು. "ಇಲ್ಲಿ ಫೀನಳ ಮಂಚ" ಎಂದು ಕಿಟಕಿಯ ಪಕ್ಕ ಕೈ ಚಾಚಿದ. ಮಾರ್ಲೇನ್ ಬೀರುವಿನ ಹಿಂದಿನ ಗೋಡೆ ಸವರಿ ನೋಡಿದಳು, ಥಂಡಿ ಇರಲಿಲ್ಲ. ಕಿಟಕಿಗಳನ್ನು ತೆರೆದು ಮುಚ್ಚಿದಳು. ಬಾಗಿಲ ಚಿಲಕ ಎಳೆದಳು. "ಚೆನ್ನಾಗಿದೆ" ಎಂದು ಅವಳೇ ಒಪ್ಪಿದಳು. ಯೋರಿಸ್ ನಕ್ಕ.

ಆಮೇಲೆ ಬಚ್ಚಲಮನೆ. ಚಿಕ್ಕದು, ಕಿಟಕಿಯಿಲ್ಲ. ಗೋಡೆಯ ಮೇಲೆ ಹಳೆಯ ಗ್ಯಾಸ್ ಗೀಸರ್.

"ಸ್ವಲ್ಪ ಹಚ್ಚಿ ತೋರಿಸ್ತೀರಾ?"

"ಕೆಲಸ ಮಾಡುತ್ತೆ ಮೇಡಂ" ಎಂದ ಏಜೆಂಟ್.

"ಮಾಡುತ್ತೆ, ಗೊತ್ತು. ಹೇಗೆ ಮಾಡುತ್ತೆ ಅಂತ ನೋಡ್ಬೇಕು."

ಉರಿ ಹತ್ತಿತು. ನೀಲಿಯಾಗಿರಬೇಕಾದದ್ದು ಹಳದಿಯಾಗಿ ಓಲಾಡುತ್ತಿತ್ತು. ಗೀಸರ್‌ನ ಮೇಲ್ಭಾಗದ ಗೋಡೆಯಲ್ಲಿ ಮಸಿ ಹಿಡಿದಿತ್ತು. ಮಾರ್ಲೇನ್ ಕೂಡಲೇ ಆರಿಸಿದಳು.

"ಇದನ್ನ ಕೊನೇ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ? ಅದರ ಕಾಗದ ಇದೆಯಾ?"

"ಓನರ್ ಹತ್ರ ಇರಬಹುದು."

ಗೋಡೆಯ ಕೆಳಗೆ, ಹೊರಗಿನ ಗಾಳಿ ಬರಲೆಂದು ಹಾಕಿದ ಬಿಳಿ ಜಾಲರಿಯಿತ್ತು. ಮಾರ್ಲೇನ್ ತೆಳ್ಳನೆಯ ಕಾಗದವನ್ನು ಅದರ ಮುಂದೆ ಹಿಡಿದಳು. ಕಾಗದ ಅಲುಗಲೇ ಇಲ್ಲ.

"ಇವತ್ತು ಹೊರಗೂ ಗಾಳಿ ಇಲ್ವಲ್ಲ ಮೇಡಂ" ಎಂದ ಏಜೆಂಟ್.

ಯೋರಿಸ್ ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋದ. "ಒಂದು ಗೀಸರ್‌ಗೋಸ್ಕರ ಮನೆ ಬಿಡ್ಲಾ? ಸ್ನಾನ ಮಾಡೋವಾಗ ಬಾಗಿಲು ಸ್ವಲ್ಪ ತೆಗೆದಿಟ್ಕೊಂಡ್ರೆ ಆಯ್ತು!"

"ಚಳಿಗಾಲದಲ್ಲಿ ಫೀನ ಬಾಗಿಲು ತೆಗೆದಿಟ್ಟು ಸ್ನಾನ ಮಾಡ್ತಾಳಾ?" ಮಾರ್ಲೇನ್ ದನಿ ತಗ್ಗಿಸಿದಳು. "ನಾನು ಮದುವೆಯಾದ ಹೊಸದ್ರಲ್ಲಿ ಬಚ್ಚಲಲ್ಲಿ ಬಿದ್ದಿದ್ನಲ್ಲ, ಗೊತ್ತಾ?"

"ಗೊತ್ತು. ನಿಶ್ಶಕ್ತಿ ಅಂದ್ರು."

"ನಿಶ್ಶಕ್ತಿ ಅಲ್ಲ ಕಣೋ. ಗಾಳಿ ಸಾಲದೆ ಉರಿದ ಗೀಸರ್‌ನ ವಿಷಗಾಳಿ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಭಾರ ಆಯ್ತು, ಕಾಲು ಸೋತು ಹೋಯ್ತು, ಬಾಗಿಲಿನ ಚಿಲಕ ಕಣ್ಣಿಗೆ ಕಾಣ್ತಿತ್ತು, ಕೈ ಏಳ್ತಿರ್ಲಿಲ್ಲ. ನಿಮ್ಮ ಭಾವ ಮರೆತಿದ್ದ ಕೊಡೆ ತಗೊಳ್ಳೋಕೆ ವಾಪಸ್ ಬಂದ್ರು, ಬಾಗಿಲು ಒಡೆದ್ರು. ಬರದಿದ್ರೆ ಇವತ್ತು ನೀನು ಒಬ್ಬನೇ ಮನೆ ನೋಡ್ತಿದ್ದೆ. ಅಮ್ಮ ಹೆದರ್ಕೋತಾಳೆ ಅಂತ ನಿಮಗ್ಯಾರಿಗೂ ಹೇಳ್ಲಿಲ್ಲ."

ಯೋರಿಸ್ ಮತ್ತೆ ಬಚ್ಚಲಮನೆಗೆ ಹೋಗಿ ಮಂಡಿಯೂರಿದ. ಜೇಬಿನ ನಾಣ್ಯದಿಂದ ಜಾಲರಿಯ ತಿರುಪುಗಳನ್ನು ಬಿಚ್ಚಿದ. ಏಜೆಂಟ್ "ಏನ್ರೀ ಮಾಡ್ತಿದ್ದೀರಾ?" ಎನ್ನುವಷ್ಟರಲ್ಲಿ ಜಾಲರಿ ಕೈಗೆ ಬಂದಿತ್ತು.

ಅದರ ಹಿಂದೆ ನುಣ್ಣನೆಯ ಗೋಡೆ. ತೂತೇ ಇರಲಿಲ್ಲ. ಹೊರಗೋಡೆ ರಿಪೇರಿ ಮಾಡುವಾಗ ಇದ್ದ ತೂತನ್ನು ಮುಚ್ಚಿ, ಕಣ್ಣಿಗೆ ಮಾತ್ರ ಜಾಲರಿ ಕೂರಿಸಿದ್ದರು.

"ಇಷ್ಟ ಇಲ್ದಿದ್ರೆ ಬಿಡಿ ಸಾರ್. ಕಾಯೋ ಜನ ಬೇಕಾದಷ್ಟಿದ್ದಾರೆ" ಎಂದ ಏಜೆಂಟ್.

"ಅದೇ ನನ್ನ ಚಿಂತೆ" ಎಂದ ಯೋರಿಸ್.

ಹೊರಗೆ ಕೂಸಿನ ತಾಯಿ ಒಳಗೆ ಬರಲು ಹೆಜ್ಜೆ ಎತ್ತಿದ್ದಳು. ಹೊರಡುತ್ತಿದ್ದ ಯೋರಿಸ್ ಬಾಗಿಲಲ್ಲೇ ನಿಂತ. "ನೋಡಮ್ಮ, ಬಚ್ಚಲಲ್ಲಿ ಗಾಳಿ ಬರೋ ದಾರಿ ಮುಚ್ಚಿದ್ದಾರೆ. ಗೀಸರ್ ಹಳದಿಯಾಗಿ ಉರೀತಿದೆ. ಮಗು ಇದೆ ನಿಮಗೆ."

ಅವಳು ಹುಬ್ಬು ಗಂಟಿಕ್ಕಿದಳು. "ನಮ್ಮನ್ನ ಹೆದರಿಸಿ ಕಳಿಸಿ, ಆಮೇಲೆ ನೀವೇ ತಗೊಳ್ಳೋ ಉಪಾಯಾನಾ?"

"ನಾನು ತಗೊಳ್ತಿಲ್ಲ, ಹೋಗ್ತಾ ಇದ್ದೀನಿ. ಜಾಲರಿ ಬಿಚ್ಚಿಟ್ಟಿದ್ದೀನಿ. ನನ್ನ ಮಾತು ನಂಬಬೇಡಿ, ನೀವೇ ನೋಡ್ಕೊಳ್ಳಿ."

ಅಕ್ಕ, ತಮ್ಮ ಇಬ್ಬರೂ ಬೀದಿಯ ತುದಿ ಮುಟ್ಟುವುದರೊಳಗೆ ಆ ಗಂಡ ಹೆಂಡತಿ ಹೊರಗೆ ಬಂದರು. ಹುಡುಗಿ ದೂರದಿಂದಲೇ ಕೈ ಎತ್ತಿದಳು.

ಸೋಮವಾರ ಯೋರಿಸ್ ನಗರಸಭೆಯ ವಸತಿ ಕಚೇರಿಗೆ ದೂರು ಕೊಟ್ಟ. ಅಲ್ಲಿಂದ ಬಂದವರು ನೋಡಿ, ಆ ಗೀಸರ್‌ಗೆ ಗ್ಯಾಸ್ ಹೋಗುವುದನ್ನು ನಿಲ್ಲಿಸಿದರು. ಗಾಳಿಗೆ ದಾರಿ ಮಾಡಿ, ಹೊಸ ಗೀಸರ್ ಹಾಕುವವರೆಗೆ ಮನೆಯನ್ನು ಬಾಡಿಗೆಗೆ ಕೊಡಕೂಡದೆಂದರು.

ಯೋರಿಸ್‌ಗೆ ಮಾತ್ರ ಕ್ರಿಸ್‌ಮಸ್ ಸೋಫಾದ ಮೇಲೆಯೇ ಕಳೆಯಿತು. ಅಕ್ಕನ ಮೇಲೆ ಒಂದೆರಡು ಸಲ ಸಿಡುಕಿದ್ದೂ ಉಂಟು. ಫೆಬ್ರವರಿಯಲ್ಲಿ ಸಿಕ್ಕ ಮನೆ ನೆಲಮಹಡಿಯದು, ಬಿಸಿಲು ಕಡಿಮೆ. ಅಲ್ಲಿ ಗೀಸರ್ ಹಚ್ಚಿಸಿ ನೋಡಿದವನು ಅವನೇ. ಉರಿ ನೀಲಿಯಾಗಿತ್ತು, ಹೊಗೆ ಕೊಳವೆ ಹೊರಗೆ ಹೋಗಿತ್ತು, ಜಾಲರಿಯ ಮುಂದೆ ಹಿಡಿದ ಕಾಗದವನ್ನು ಗಾಳಿ ಒಳಕ್ಕೆ ತಳ್ಳಿತು. ಪರೀಕ್ಷೆಯ ಕಾಗದವನ್ನು ಇವನು ಕೇಳುವ ಮೊದಲೇ ಓನರ್ ಮುಂದಿಟ್ಟರು. ಮಂಚಕ್ಕಿಂತ ಮೊದಲು ಆ ಮನೆಗೆ ಬಂದದ್ದು ವಿಷಗಾಳಿಯನ್ನು ಪತ್ತೆಹಚ್ಚಿ ಕೂಗುವ ಪುಟ್ಟ ಅಲಾರಂ. ಫೀನ ಅದರ ಗುಂಡಿ ಒತ್ತಿ, ಕಿವಿ ಮುಚ್ಚಿಕೊಂಡು, ಮತ್ತೆ ಒತ್ತಿದಳು.

ಮನೆ ಹುಡುಕುತ್ತಿರುವವರೇ, ಫೋಟೋ ನೋಡಿ ಒಪ್ಪಬೇಡಿ. ಹೋಗಿ ನೋಡಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಗೋಡೆ ಮುಟ್ಟಿ, ಕಿಟಕಿ ತೆರೆಯಿರಿ, ಗೀಸರ್ ಹಚ್ಚಿಸಿ. ಗಾಳಿ ಎಲ್ಲಿಂದ ಬರುತ್ತದೆ, ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಮುಂಗಡ ಕೊಡಬೇಡಿ. ಈಗ ಇರುವ ಮನೆಯಲ್ಲೇ ಸ್ನಾನದ ಹೊತ್ತಿಗೆ ತಲೆ ಸುತ್ತಿದರೆ ಗೀಸರ್ ಆರಿಸಿ, ಎಲ್ಲರನ್ನೂ ಹೊರಗೆ ಕರೆತನ್ನಿ, ಸಹಾಯಕ್ಕೆ ಫೋನ್ ಮಾಡಿ. ಮನೆ ಬೇಡವೆಂದು ಬಿಟ್ಟು ಬರುವಾಗ, ನಿಮ್ಮ ನಂತರ ಒಳಗೆ ಹೋಗುವವರಿಗೆ ಕಾರಣ ಹೇಳಿ. ಅವರು ನಂಬದಿದ್ದರೂ ಹೇಳಿ.