ದೊಡ್ಡಮ್ಮನ ಆಮೆನ್

"ಕರ್ತನೇ, ನಮ್ಮೊಳಗಿನ ಒಬ್ಬ ಮಗಳು ದುಡುಕಿ ಮಾತಾಡಿ ನಿನ್ನ ಸೇವೆಗೆ ಕಳಂಕ ತಂದಿದ್ದಾಳೆ. ಆಕೆಯ ನಾಲಿಗೆಗೆ ಕಡಿವಾಣ ಹಾಕು, ಆಕೆಗೆ ಮೌನವನ್ನು ಕಲಿಸು," ಎಂದು ಸಭಾಪಾಲಕರು ಪ್ರಾರ್ಥನೆ ಮುಗಿಸಿ ಆಮೆನ್‌ಗಾಗಿ ಕಾದರು.

ಆಮೆನ್ ಬರಲಿಲ್ಲ.

ಆ ಚರ್ಚಿನ ಸಭೆಯಲ್ಲಿ ಮೊದಲ ಆಮೆನ್ ಯಾವಾಗಲೂ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ದರ್ಜಿ ಹೆಂಗಸಿನದು. ಹೊಲಿಗೆ ಮಿಷನ್ನಿನ ಸದ್ದನ್ನೂ ಮೀರಿಸಿ ಗಿರಾಕಿಗಳೊಂದಿಗೆ ಹರಟಿ ಹರಟಿ ಪಳಗಿದ ಗಂಟಲು. ಹಿಂದಿನ ಬೆಂಚಿನಿಂದ ಆಕೆ ಒಮ್ಮೆ ಕೂಗಿದರೆ ತೂಕಡಿಸುತ್ತಿದ್ದ ಹಿರಿಯರೂ ಬೆಚ್ಚಿಬಿದ್ದು ದನಿಗೂಡಿಸುತ್ತಿದ್ದರು.

ಇಂದು ಆಕೆ ತುಟಿ ಬಿಗಿಹಿಡಿದು ಕುಳಿತಿದ್ದಳು. ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತ ಮಗಳು, ಸಭೆಯವರೇ ನಡೆಸುವ ದವಾಖಾನೆಯ ನರ್ಸು. ಮಕ್ಕಳಿಗೆ ಅವಧಿ ಮುಗಿದ ಔಷಧಿ ಕೊಡುತ್ತಿದ್ದಾರೆಂದು ಸಾಲಿನಲ್ಲಿ ನಿಂತ ತಾಯಂದಿರಿಗೆ ಬಾಯಿಬಿಟ್ಟು ಹೇಳಿದ್ದೇ ಅವಳ ತಪ್ಪು. ಎಲ್ಲರೆದುರು ಕ್ಷಮೆ ಕೇಳು, ಇಲ್ಲವೇ ಕೆಲಸ ಬಿಡು ಎಂದು ಸಭೆಯ ಕಾರ್ಯದರ್ಶಿ ತಾಕೀತು ಮಾಡಿದ್ದರು.

ಅದೇ ಕಾರ್ಯದರ್ಶಿ ಮುಂದಿನ ಬೆಂಚಿನಿಂದ ಕತ್ತು ಹೊರಳಿಸಿ, "ಏನ್ ದೊಡ್ಡಮ್ಮ, ನಿದ್ದೆ ಹತ್ತಿಬಿಡ್ತಾ?" ಎಂದರು. ಯಾರೋ ಕಿಸಕ್ಕೆಂದರು.

"ಎಚ್ಚರವಾಗೇ ಇದೀನಿ."

"ಮತ್ತೆ ಆಮೆನ್ ಅನ್ನಿ. ಅಯ್ಯನವರು ಕಾಯ್ತಾ ಇದಾರೆ."

"ಆಮೆನ್ ಅಂದ್ರೆ ಹಾಗೇ ಆಗ್ಲಿ ಅಂತ ತಾನೇ? ಹಾಗಾಗಬಾರದು ಅಯ್ಯನವರೇ. ಅದಕ್ಕೇ ಅನ್ನಲ್ಲ."

ಸಭಾಪಾಲಕರ ಮುಖ ಕೆಂಪೇರಿತು. "ಏನಮ್ಮಾ ಇದು, ದೇವರ ಸನ್ನಿಧಿಯಲ್ಲಿ ಎದುರು ಮಾತಾ?"

"ನಾನು ಎದುರಾಡಿದ್ದು ನಿಮಗೆ. ಮಕ್ಕಳಿಗೆ ಕೆಟ್ಟ ಔಷಧಿ ಕುಡಿಸಿದೋರನ್ನ ಬಿಟ್ಟು, ಅದನ್ನ ಹೇಳಿದೋಳ ಬಾಯಿ ಕಟ್ಟು ಅಂತ ದೇವರನ್ನೇ ಕೇಳ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಮಗಳು ಸೆರಗು ಹಿಡಿದು ಎಳೆದಳು. "ಸಾಕಮ್ಮ, ಸುಮ್ನಿರು. ಕೆಲಸ ಹೋಗತ್ತೆ."

"ಹೋದ್ರೆ ಹೋಗ್ಲಿ, ನಿನಗೆ ಅನ್ನ ಹಾಕೋಕೆ ನನ್ನ ಹೊಲಿಗೆ ಮಿಷನ್ ಇದೆ. ನೀನೂ ಸುಮ್ನಾದ್ರೆ ಆ ಮಕ್ಕಳ ಗತಿ ಏನೇ? ಕ್ಷಮೆ ಕೇಳು ಅಂದ್ರಲ್ಲ, ಎದ್ದು ನಿಂತು ಕಣ್ಣಾರೆ ನೋಡಿದ್ದನ್ನ ಹೇಳು."

ಸಭಾಪಾಲಕರು ಗಡಿಬಿಡಿಯಲ್ಲಿ ತಾವೇ "ಆಮೆನ್" ಎಂದುಬಿಟ್ಟರು. ಕಾರ್ಯದರ್ಶಿ ದನಿಗೂಡಿಸಿದರು. ಬೇರೆ ಯಾವ ಬೆಂಚಿನಿಂದಲೂ ಸದ್ದು ಬರಲಿಲ್ಲ.

ಮಗಳು ಎದ್ದು ನಿಂತಳು. ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡಿದ್ದ ಹೆಂಗಸೊಬ್ಬಳು ಪೀಠಕ್ಕೆ ಬೆನ್ನು ಹಾಕಿ, ಅವಳ ಕಡೆಗೆ ಪೂರ್ತಿ ತಿರುಗಿ ಕುಳಿತಳು.