ಚೆಫಲುವಿನಲ್ಲಿ ಒಂಬತ್ತು ಐವತ್ತರವರೆಗೆ ಹುಣ್ಣಿಮೆ

ಬೈರಪ್ಪನವರೇ, ನಿಮ್ಮ ಮನೆಯವರು ಮರಿಯಮ್ಮನವರನ್ನು ಕರೆದುಕೊಂಡು ಯೂರೋಪಿನ ಸಮುದ್ರದ ಕಡೆ ಹೋಗಬೇಕು, ಯಾವ ಊರು ಒಳ್ಳೆಯದು ಎಂದು ನಿನ್ನೆ ಯಡಿಯೂರು ಕೆರೆಯ ಎರಡನೇ ಸುತ್ತಿನಲ್ಲಿ ಕೇಳಿದಿರಿ. ನಡೆಯುತ್ತಾ ಹೇಳಲು ನನಗೆ ಉಸಿರು ಸಾಲದು, ಟೈಪ್ ಮಾಡಲು ಕಣ್ಣು ಸಾಲದು. ಅದಕ್ಕೇ ಹೀಗೆ ಮಾತನಾಡಿ ಕಳಿಸುತ್ತಿದ್ದೇನೆ. ಉದ್ದವಾಗುತ್ತದೆ. ವಸಂತಪುರದ ನಿಮ್ಮ ಬಾಡಿಗೆ ಮನೆಗಳ ನಲ್ಲಿ ರಿಪೇರಿ ಮಾಡಿಸುತ್ತಾ ಕೇಳಿಸಿಕೊಳ್ಳಿ.

ನಾನು ಹೋಗಿದ್ದು ನನ್ನ ಅಕ್ಕ ವಿಮಲಾ ಮತ್ತು ಭಾವ ಸೇತುರಾಮರ ಜೊತೆ. ಅಕ್ಕನಿಗೆ ಎಪ್ಪತ್ತಮೂರು. ಒಂದು ಸಲ ಸಮುದ್ರಕ್ಕೆ ಇಳಿಯಬೇಕು ಎಂಬುದೊಂದೇ ಆಕೆಯ ಆಸೆ. ಕನ್ಯಾಕುಮಾರಿ, ಮಲ್ಪೆ, ಗೋಕರ್ಣ ಎಲ್ಲ ನೋಡಿದ್ದಾಳೆ. ಎಲ್ಲೂ ಕಾಲು ಒದ್ದೆಯಾಗಿಲ್ಲ. ಭಾವನ ಮನೆಯವರು ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು ಬೇರೆ ದಿನ ಸಮುದ್ರ ಮುಟ್ಟುವುದಿಲ್ಲ. ಇಳಿದರೂ ಗಂಡಹೆಂಡತಿ ಒಟ್ಟಿಗೇ ಇಳಿಯಬೇಕು. ಅದಕ್ಕೆ ಮುಂಚೆ ಗಂಡ ಸಂಕಲ್ಪ ಹೇಳಬೇಕು, ಅಂದರೆ ಯಾವ ದಿನ, ಯಾವ ಜಾಗದಲ್ಲಿ ಸ್ನಾನ ಮಾಡುತ್ತಿದ್ದೇವೆ ಎಂದು ಮಂತ್ರದಲ್ಲಿ ಒಪ್ಪಿಸಬೇಕು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಭಾವ ಟಿಕೆಟ್ ತೆಗೆಸಿದಾಗಲೆಲ್ಲ ಅಲ್ಲಿಗೆ ತಲುಪುವ ಹೊತ್ತಿಗೆ ಸಪ್ತಮಿಯೋ ದಶಮಿಯೋ ಆಗಿರುತ್ತಿತ್ತು. ಅಕ್ಕ ಮರಳಿನ ಮೇಲೆ ಕೂತು ಕಡಲೆಕಾಯಿ ತಿಂದು ವಾಪಸ್ಸು ಬರುತ್ತಿದ್ದಳು.

ಈ ಸಲ ಅಕ್ಕನೇ ಪಂಚಾಂಗವನ್ನು ಚೀಲದಲ್ಲಿ ಹಾಕಿಕೊಂಡು, ಭಾವನನ್ನೂ ನನ್ನನ್ನೂ ಎಬ್ಬಿಸಿಕೊಂಡು ಜಯನಗರದ ಶೈಲಶ್ರೀ ಎಂಬಾಕೆಯ ಟೂರ್ ಆಫೀಸಿಗೆ ಹೊರಟಳು. ಅಡುಗೆಯವರನ್ನೂ ಜೊತೆಯಲ್ಲಿ ಕರೆದೊಯ್ದು, ನಮ್ಮಂಥ ಮುದುಕರನ್ನು ತಿರುಗಿಸಿಕೊಂಡು ಬರುವ ಹೆಂಗಸು.

"ಇಟಲಿಗೆ ಹೋಗೋ ಯಾವ ಬ್ಯಾಚು ಹುಣ್ಣಿಮೆ ದಿನ ಸಮುದ್ರದ ಹತ್ರ ಇರತ್ತಮ್ಮಾ?" ಎಂದಳು ಅಕ್ಕ.

"ಆಂಟಿ, ಎಲ್ರೂ ಬಿಸಿನೀರು ಬರತ್ತಾ ಅಂತ ಕೇಳ್ತಾರೆ. ಹುಣ್ಣಿಮೆ ಕೇಳಿದ್ದು ನೀವೇ ಫಸ್ಟು."

ಮೇ ತಿಂಗಳ ಬ್ಯಾಚು ಹೊಂದಿತು. ಹುಣ್ಣಿಮೆ ಮಂಗಳವಾರ ಮಧ್ಯಾಹ್ನ ಒಂದು ಇಪ್ಪತ್ತರವರೆಗೆ. ಆ ದಿನಕ್ಕೆ ಊರನ್ನು ನಾವೇ ಆರಿಸಬಹುದು ಎಂದು ಶೈಲಶ್ರೀ ಮೂರು ಫೋಟೋ ಹರಡಿದಳು. ಒಂದು ಕಮೋಲಿ. ಎತ್ತರದ ಬಣ್ಣದ ಮನೆಗಳು. ಅರ್ಧ ಕಿಟಕಿಗಳು ನಿಜವಲ್ಲ, ಗೋಡೆಯ ಮೇಲೆ ಬರೆದದ್ದು. ತೀರದ ತುಂಬಾ ಉರುಟು ಕಲ್ಲು, ಅಕ್ಕನ ಮಂಡಿಗೆ ಆಗದು. ಇನ್ನೊಂದು ಪೊಲಿನ್ಯಾನೊ. ಬಂಡೆಯ ತುದಿಗೇ ಮನೆಗಳು, ಕೆಳಗೆ ಸಮುದ್ರ. ಭಾವ ತಟ್ಟನೆ ಅದರ ಮೇಲೆ ಕೈಯಿಟ್ಟರು.

"ಇದೇ ಇರ್ಲಿ. ಮೇಲೆ ನಿಂತ್ರೆ ಪೂರ್ತಿ ಸಮುದ್ರ ಕಾಣತ್ತೆ."

"ಕಾಣೋಕೆ ಟಿವಿ ಇದೆ ಭಾವ," ಎಂದೆ ನಾನು. ನನ್ನ ಬಾಯಿ ನಿಮಗೆ ಗೊತ್ತಲ್ಲ.

ಅಕ್ಕ ಮೂರನೆಯದನ್ನು ಎಳೆದುಕೊಂಡಳು. ಸಿಸಿಲಿ ದ್ವೀಪದ ಚೆಫಲು. ಹಿಂದೆ ದೊಡ್ಡ ಬಂಡೆ, ಅದರ ಬುಡದಲ್ಲಿ ಹಳೆಯ ಊರು, ಊರಿನ ಕಾಲಿಗೇ ಮರಳು. "ಇಲ್ಲಿ ಮೆಟ್ಟಿಲು ಎಷ್ಟಮ್ಮಾ?"

"ಕಡಿಮೆ ಆಂಟಿ. ಮರಳಲ್ಲಿ ಹಾಗೇ ನಡ್ಕೊಂಡ್ ಹೋಗಿ, ಮಂಡಿ ಮಟ್ಟಕ್ಕೆ ನೀರು ಸಿಗತ್ತೆ."

ಚೆಫಲು ಎಂದು ತೀರ್ಮಾನವಾಯಿತು. ಭಾವ ಪೊಲಿನ್ಯಾನೊ ಫೋಟೋದ ಮೇಲಿಂದ ಕೈ ತೆಗೆದರು.

ಹುಣ್ಣಿಮೆಯ ಹಿಂದಿನ ದಿನ, ಸೋಮವಾರ ಸಂಜೆ, ಸಿಸಿಲಿಯಲ್ಲೇ ಪಲೆರ್ಮೊ ಎಂಬ ಊರಿನ ಹೋಟೆಲಿನಲ್ಲಿ ಬಿಸಿಬೇಳೆಬಾತ್ ತಿನ್ನುತ್ತಿದ್ದೆವು. ಮಾರನೆಯ ದಿನ ಹನ್ನೊಂದಕ್ಕೆ ಚೆಫಲು ತಲುಪುತ್ತೇವೆ ಎಂದು ಶೈಲಶ್ರೀ ಹೇಳಿದಳು. ಆಗ ನನಗೆ ಹೊಳೆಯಿತು. ಒಂದು ಇಪ್ಪತ್ತು ಅನ್ನುವುದು ಬೆಂಗಳೂರಿನ ಗಡಿಯಾರ. ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ.

"ಅಕ್ಕಾ, ಇಲ್ಲಿ ಒಂಬತ್ತು ಐವತ್ತಕ್ಕೇ ಹುಣ್ಣಿಮೆ ಖಾಲಿ," ಎಂದೆ.

ಅಕ್ಕ ಚಮಚ ಕೆಳಗಿಟ್ಟಳು. ಭಾವ ಮಾತ್ರ ಇನ್ನೊಂದು ಹಪ್ಪಳ ಮುರಿದರು. "ಹಂಗಾದ್ರೆ ಯೋಗ ಇಲ್ಲ ಬಿಡು."

"ಸೂರ್ಯ ಹುಟ್ಟೋವಾಗ ಹುಣ್ಣಿಮೆ ಇದ್ರೆ ದಿನಾ ಪೂರ್ತಿ ಹುಣ್ಣಿಮೆ ಅಂತ ಹಬ್ಬಕ್ಕೆ ಹೇಳ್ತೀರಲ್ಲ ಭಾವ?"

"ಅದು ಹಬ್ಬಕ್ಕೆ. ಸ್ನಾನಕ್ಕೆ ನಡೀತಿರೋ ತಿಥಿನೇ ಬೇಕು."

ಅಕ್ಕ ಎದ್ದು ಹೋಗಿ ಶೈಲಶ್ರೀಯನ್ನು ವಿಚಾರಿಸಿದಳು. ಬೆಳಿಗ್ಗೆ ಬೇಗ ಒಂದು ರೈಲಿದೆ ಎಂದು ತಿಳಿದುಕೊಂಡು ಬಂದಳು. "ನಾವು ಮೂರು ಜನ ಮುಂಚೆ ಹೋಗೋಣ. ತಿಂಡಿ ಡಬ್ಬಿಗೆ ಹಾಕಿಸ್ತೀನಿ."

ಮಂಗಳವಾರ ಒಂಬತ್ತೂಕಾಲಿಗೆ ನಾವು ಚೆಫಲುವಿನ ಮರಳಿನ ಮೇಲಿದ್ದೆವು. ಬೆಳಗಿನ ಬಿಸಿಲಿಗೆ ಹಳದಿ ಮನೆಗಳು ಆಗಷ್ಟೇ ಎಣ್ಣೆಸ್ನಾನ ಮಾಡಿದ ಮಕ್ಕಳ ಹಾಗಿದ್ದವು. ನೀರು ಸದ್ದಿಲ್ಲದೆ ಬಂದು ಹೋಗುತ್ತಿತ್ತು. ಭಾವ ಪಂಚೆ ಉಟ್ಟು, ನೀರಿನಿಂದ ನಾಲ್ಕು ಹೆಜ್ಜೆ ದೂರ ನಿಂತು ಸಂಕಲ್ಪ ಶುರು ಮಾಡಿದರು. ಗೋದಾವರಿಗೆ ಬಂದಾಗ ನಿಂತರು. ಗೋದಾವರಿಯ ದಕ್ಷಿಣ ದಡದಲ್ಲಿ ಎಂದು ನಮ್ಮ ಕಡೆ ಹೇಳುವುದು ವಾಡಿಕೆ.

"ಸೀನು, ಇಲ್ಲಿಂದ ಗೋದಾವರಿ ಯಾವ ದಿಕ್ಕೋ?"

"ನಾನೇನು ಸರ್ವೆ ಇಲಾಖೆನಾ ಭಾವ? ಬಾಯಿಗೆ ಬಂದಿದ್ದು ಹೇಳಿ. ಒಂಬತ್ತೂವರೆ ಆಯ್ತು."

ಮತ್ತೆ ಮೊದಲಿಂದ ಶುರು ಮಾಡಿದರು. ಮತ್ತೆ ಗೋದಾವರಿಯಲ್ಲಿ ನಿಂತರು. ಮೂರನೇ ಸಲಕ್ಕೆ ನನಗೆ ರೇಗಿತು. ಬೈಯಲು ಬಾಯಿ ತೆರೆದೆ. ಅಕ್ಕ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಅವರ ಕಾಲು ನೋಡು."

ನೋಡಿದೆ. ಒಂದೊಂದು ಅಲೆ ಬಂದಾಗಲೂ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಬೆರಳುಗಳನ್ನು ಮರಳಿನೊಳಗೆ ಊರಿದ್ದರು.

"ಅವ್ರಿಗೆ ನೀರು ಅಂದ್ರೆ ಭಯ ಕಣೋ. ಮದ್ವೆ ಆದ ವರ್ಷನೇ ನಂಗೆ ಗೊತ್ತಾಯ್ತು," ಎಂದಳು ಮೆಲ್ಲಗೆ.

"ಮತ್ತೆ ಆ ಸಪ್ತಮಿ, ದಶಮಿ ಎಲ್ಲಾ?"

"ಭಯ ಅನ್ನೋಕೆ ನಾಚಿಕೆ. ತಿಥಿ ಅಂದ್ರು. ನಾನೂ ಹೂಂ ಅಂದೆ. ಇವತ್ತೂ ಹೂಂ ಅಂತ ನಿಂತ್ರೆ ನನ್ನ ಮಂಡಿ ಇನ್ನೊಂದ್ಸಲ ಇಷ್ಟು ದೂರ ಬರಲ್ಲ."

ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ರೀ, ನೀವು ಸಂಕಲ್ಪ ಹೇಳ್ತಾ ಇರಿ. ನಾನು ಹೋಗಿರ್ತೀನಿ," ಎಂದು ಹೊರಟೇಬಿಟ್ಟಳು. ಪಾದ, ಮಂಡಿ, ಸೊಂಟ. ತಿರುಗಿ ನೋಡಲಿಲ್ಲ. ಮೂಗು ಹಿಡಿದು ಮುಳುಗಿದಳು. ನೀರಿನ ಮೇಲೆ ಏನೂ ಕಾಣಲಿಲ್ಲ.

ಭಾವನ ಮಂತ್ರ ನಿಂತಿತು. ನಾನು ನೋಡುವಷ್ಟರಲ್ಲಿ ಪಂಚೆಯ ಸಮೇತ ನೀರಿನಲ್ಲಿದ್ದರು, ಎರಡು ಕೈಯನ್ನೂ ಮುಂದೆ ಚಾಚಿಕೊಂಡು. ಅಕ್ಕ ಎದ್ದು ಮುಖ ಒರೆಸಿಕೊಂಡಾಗ ಅವರು ಮಂಡಿ ಮಟ್ಟದ ನೀರಿನಲ್ಲಿ ಅಲ್ಲಾಡದೆ ನಿಂತಿದ್ದರು.

"ಸಂಕಲ್ಪ ಮುಗೀತಾ?" ಎಂದಳು ಅಕ್ಕ.

"ಅದು ಆಮೇಲೆ. ನೀನು ಕೈ ಕೊಡು ಮೊದ್ಲು."

ಅಕ್ಕ ಹಿಂದಕ್ಕೆ ನಡೆದು ಬಂದು ಕೈ ಕೊಟ್ಟಳು. ಅವರನ್ನು ಆಚೆಗೂ ಎಳೆಯಲಿಲ್ಲ, ದಡಕ್ಕೂ ಕರೆತರಲಿಲ್ಲ. ಅಲ್ಲೇ ನಿಂತರು ಇಬ್ಬರೂ. ಒಂದು ಅಲೆ ಬಂದರೆ ಭಾವ ಕಣ್ಣು ಮುಚ್ಚುತ್ತಿದ್ದರು, ಹೋದ ಮೇಲೆ ತೆರೆಯುತ್ತಿದ್ದರು. ಆಮೇಲಾಮೇಲೆ ಮುಚ್ಚುವುದನ್ನು ಮರೆತರು.

ನನ್ನ ಮೊಬೈಲಿನಲ್ಲಿ ಒಂಬತ್ತು ಐವತ್ತಾಯಿತು. ಆಮೇಲೆ ಹತ್ತೂಕಾಲೂ ಆಯಿತು. ನಾನು ಡಬ್ಬಿ ತೆಗೆದು ಅವಲಕ್ಕಿ ತಿನ್ನುತ್ತಾ ಕೂತೆ. ಟೈಮು ಎಷ್ಟೆಂದು ಅವರಿಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.